ಕಲ್ಟ್‌ಗಳ ಬಗ್ಗೆ ವಿಶ್ವಾಸಿಗಳಿಗೊಂದು ಆನ್‌ಲೈನ್ ಕೋರ್ಸ್: ವಾದದ ಪಾಠ ಬಿಡಿ, ಉಳಿದದ್ದು ಕೇಳಿ

ಒಂದು ಬೈಬಲ್ ಕಾಲೇಜಿನವರು ನಡೆಸುವ ಕೋರ್ಸ್ ಇದು. ಕಲ್ಟ್ ಅಂದರೆ ಬೋಧನೆಯಲ್ಲಿ ದಾರಿ ತಪ್ಪಿದ, ಇಲ್ಲವೇ ಸೇರಿದವರನ್ನು ಹಿಡಿತದಲ್ಲಿಟ್ಟುಕೊಳ್ಳುವ ಧಾರ್ಮಿಕ ಗುಂಪು. ಕೆಳಗೆ ಸ್ವಲ್ಪ ಬೈದಿದ್ದೇನೆ, ಹಾಗಾಗಿ ಹೆಸರು ಬೇಡ. ವಾರಕ್ಕೊಂದು ವಿಡಿಯೊ ಪಾಠ, ಒಂದು ವರ್ಕ್‌ಶೀಟ್, ಆಮೇಲೆ ಎಲ್ಲರೂ ಸೇರಿ ಆನ್‌ಲೈನ್ ಚರ್ಚೆ. ಫೀಸು ದುಬಾರಿ ಏನಲ್ಲ. ಪಾಠ ಮಾಡುವವರು ಇಬ್ಬರು. ಒಬ್ಬರು ದೇವಶಾಸ್ತ್ರ ಓದಿದ ಪಾಸ್ಟರ್, ಇನ್ನೊಬ್ಬರು ಹಿಂದೆ ಇಂಥದ್ದೇ ಒಂದು ಗುಂಪಿನಲ್ಲಿದ್ದು ಹೊರಬಂದವರು. ಈ ಎರಡನೆಯವರಿಗಾಗಿಯೇ ಕೋರ್ಸ್ ತಗೊಳ್ಳಬಹುದು.

ಸೇರಿದವರಲ್ಲಿ ಜಾಸ್ತಿ ಜನ ಬಂದದ್ದು ಕುತೂಹಲಕ್ಕಲ್ಲ. ಮನೆಯವರು ಯಾರೋ ಎಲ್ಲೋ ಸೇರಿಕೊಂಡಿದ್ದಾರೆ, ಏನು ಹೇಳಿದರೆ ವಾಪಸ್ ಬರುತ್ತಾರೆ, ಅದನ್ನು ಹೇಳಿಕೊಡಿ ಅಂತ ಬಂದವರು. ಈ ಪ್ರಶ್ನೆಗೆ ಕೋರ್ಸ್ ಎಷ್ಟು ಉತ್ತರ ಕೊಡುತ್ತದೆ ಅನ್ನುವುದರ ಮೇಲೇ ನಾನು ಅದನ್ನು ಅಳೆದದ್ದು.

ಮೊದಲ ಪಾಠ ಅಚ್ಚುಕಟ್ಟಾಗಿದೆ. ಒಂದು ಗುಂಪನ್ನು ನೋಡುವಾಗ ಎರಡು ಪ್ರಶ್ನೆ ಬೇರೆ ಬೇರೆಯಾಗಿ ಕೇಳಿ ಅನ್ನುತ್ತಾರೆ. ಅವರು ಏನು ಬೋಧಿಸುತ್ತಾರೆ? ಸೇರಿದವರನ್ನು ಹೇಗೆ ನಡೆಸಿಕೊಳ್ಳುತ್ತಾರೆ? ಮೊದಲನೆಯದಕ್ಕೆ ಯೇಸು ಯಾರು, ರಕ್ಷಣೆ ಕೃಪೆಯಿಂದಲೋ ಗುಂಪಿನ ಸದಸ್ಯತ್ವದಿಂದಲೋ, ಬೈಬಲ್ ಜೊತೆಗೆ ಇನ್ನೊಂದು ಗ್ರಂಥ ಅಥವಾ ಇನ್ನೊಬ್ಬ ಮನುಷ್ಯ ಬೇಕೇ ಬೇಕಾ, ಇವೇ ಅಳತೆ. ಯೆಹೋವನ ಸಾಕ್ಷಿಗಳು ಅನ್ನುವ ಪಂಗಡದವರು ಯೇಸುವನ್ನು ದೇವರ ಮೊದಲ ಸೃಷ್ಟಿ ಅನ್ನುತ್ತಾರೆ. ಇದು ಹೊಸ ಮಾತಲ್ಲ, ನಾಲ್ಕನೇ ಶತಮಾನದಲ್ಲಿ ಅಲೆಕ್ಸಾಂಡ್ರಿಯದ ಪಾದ್ರಿ ಏರಿಯಸ್ ಹೇಳಿದ್ದೂ ಹೆಚ್ಚುಕಡಿಮೆ ಇದನ್ನೇ, 325ರಲ್ಲಿ ನೈಸಿಯದಲ್ಲಿ ಸೇರಿದ ಬಿಷಪ್‌ಗಳ ಮಹಾಸಭೆ ಅದನ್ನು ತಳ್ಳಿಹಾಕಿತು. ಅಮೆರಿಕದಲ್ಲಿ ಹುಟ್ಟಿದ ಮಾರ್ಮನ್ ಪಂಗಡದವರಿಗೆ 1830ರಲ್ಲಿ ಜೋಸೆಫ್ ಸ್ಮಿತ್ ಪ್ರಕಟಿಸಿದ ಗ್ರಂಥವೂ ದೇವರ ವಾಕ್ಯವೇ. ಇಲ್ಲಿ ಪಾಸ್ಟರ್ ಗಟ್ಟಿ. ಹಳೆಯ ಜಗಳಗಳನ್ನು ಬೇಜಾರಾಗದಂತೆ ಹೇಳುತ್ತಾರೆ.

ಎರಡನೇ ಪ್ರಶ್ನೆಗೆ ಬಂದಾಗ ಅವರ ದನಿಯೇ ಸ್ವಲ್ಪ ಇಳಿಯುತ್ತದೆ. ಪೀಪಲ್ಸ್ ಟೆಂಪಲ್ ಗುಂಪಿನ ನಾಯಕ ಜಿಮ್ ಜೋನ್ಸ್ ಉದಾಹರಣೆ ಕೊಡುತ್ತಾರೆ, ಕೊಡಲೇಬೇಕು. ಆ ಮನುಷ್ಯ ಎಲ್ಲಿಂದಲೋ ಉದುರಿದವನಲ್ಲ. ಡಿಸೈಪಲ್ಸ್ ಆಫ್ ಕ್ರೈಸ್ಟ್ ಅನ್ನುವ ಮರ್ಯಾದಸ್ಥ ಪ್ರೊಟೆಸ್ಟೆಂಟ್ ಪಂಗಡದಲ್ಲಿ ದೀಕ್ಷೆ ಪಡೆದ ಪಾಸ್ಟರ್. ಅಮೆರಿಕದಲ್ಲಿ ಕರಿಯರೂ ಬಿಳಿಯರೂ ಒಟ್ಟಿಗೆ ಆರಾಧನೆಗೆ ಕೂರುವುದು ಅಪರೂಪವಾಗಿದ್ದ ಕಾಲದಲ್ಲಿ ಅವನ ಸಭೆಯಲ್ಲಿ, ಅಂದರೆ ಚರ್ಚ್‌ನಲ್ಲಿ, ಕೂರುತ್ತಿದ್ದರು. ಬಡವರಿಗೆ ಊಟ, ವಯಸ್ಸಾದವರಿಗೆ ಆಸರೆ ಎಲ್ಲ ಇತ್ತು. ಸೇರಿದವರು ಮೂರ್ಖರಾಗಿರಲಿಲ್ಲ, ಅವರಲ್ಲಿ ತುಂಬಾ ಜನ ಒಳ್ಳೆಯ ಕೆಲಸ ಹುಡುಕಿಕೊಂಡು ಬಂದವರು. 1978ರ ನವೆಂಬರ್ 18ರಂದು ದಕ್ಷಿಣ ಅಮೆರಿಕದ ಗಯಾನಾದ ಕಾಡಿನಲ್ಲಿ, ಅವನ ಅಪ್ಪಣೆಯಂತೆ, ಅವನ ಗುಂಪಿನ 900ಕ್ಕೂ ಹೆಚ್ಚು ಜನ ಸತ್ತರು, ಅದರಲ್ಲಿ ಸುಮಾರು 300 ಮಕ್ಕಳು. ವಿಷ ಮೊದಲು ಕೊಟ್ಟದ್ದೇ ಮಕ್ಕಳಿಗೆ. ಇದನ್ನು ಹೇಳಿ ಪಾಸ್ಟರ್ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆ ವಿಡಿಯೊದಲ್ಲಿ ಹಿನ್ನೆಲೆ ಸಂಗೀತ ಹಾಕದೆ ಇದ್ದದ್ದು ಒಳ್ಳೆಯದಾಯಿತು, ಉಳಿದ ಪಾಠಗಳಲ್ಲಿ ಅದರ ಕಾಟ ಜಾಸ್ತಿ.

ಆದರೆ ಇಲ್ಲೇ ನನ್ನ ಮೊದಲ ತಕರಾರು. ಬೋಧನೆಯಲ್ಲಿ ತಪ್ಪು ಕಂಡ ಗುಂಪುಗಳನ್ನೂ ಜನರನ್ನು ಕೊಂದ ಗುಂಪುಗಳನ್ನೂ ಒಂದೇ ಚಾರ್ಟ್‌ನಲ್ಲಿ ಹಾಕಿ, ಎಲ್ಲದಕ್ಕೂ ಕೆಂಪು ಬಣ್ಣ ಬಳಿದಿದ್ದಾರೆ. ಎರಡು ಪ್ರಶ್ನೆ ಬೇರೆ ಬೇರೆ ಅಂತ ತಾವೇ ಹೇಳಿದ್ದರು ಅಲ್ವಾ? ನನ್ನ ಬಾಗಿಲು ತಟ್ಟಿ ಪತ್ರಿಕೆ ಕೊಡುವ ಸಾಕ್ಷಿಯ ಬೋಧನೆಯನ್ನು ನಾನು ಒಪ್ಪುವುದಿಲ್ಲ. ಬಿಟ್ಟುಹೋದವರ ಜೊತೆ ಮನೆಯವರೂ ಮಾತು ಬಿಡುವ ಅವರ ಪದ್ಧತಿಯನ್ನಂತೂ ಒಪ್ಪುವುದೇ ಇಲ್ಲ. ಹಾಗಂತ ಅವರನ್ನು ಜೋನ್ಸ್ ಪಕ್ಕ ನಿಲ್ಲಿಸುವುದು ಸುಳ್ಳು ಸಾಕ್ಷಿ ಹೇಳಿದ ಹಾಗೆ. ಹಿಟ್ಲರನಿಗೆ ಸಲಾಂ ಹೊಡೆಯಲ್ಲ ಅಂತ ನಾಜಿ ಶಿಬಿರಗಳಲ್ಲಿ ಕೈದಿಯ ಗುರುತಾಗಿ ನೇರಳೆ ತ್ರಿಕೋನ ಹಾಕಿಸಿಕೊಂಡವರು ಅವರು, ಅದೇ ಕಾಲದಲ್ಲಿ ಎಷ್ಟೋ ದೊಡ್ಡ ಸಭೆಗಳು ಬಾಯಿ ಮುಚ್ಚಿಕೊಂಡಿದ್ದವು. ಅಷ್ಟಕ್ಕೂ ಅಪೊಸ್ತಲ ಪೌಲನನ್ನೇ ಒಂದು ಪಂಗಡದ ಮುಂದಾಳು ಅಂತ ಕೋರ್ಟಿಗೆ ಎಳೆದಿದ್ದರು, ಅಪೊಸ್ತಲರ ಕೃತ್ಯಗಳು 24 ಓದಿ ನೋಡಿ.

ಇನ್ನೊಂದು: ನಕಲಿ ನೋಟಿನ ದೃಷ್ಟಾಂತ. ಬ್ಯಾಂಕಿನವರು ಅಸಲಿ ನೋಟನ್ನೇ ಚೆನ್ನಾಗಿ ಅಭ್ಯಾಸ ಮಾಡುತ್ತಾರೆ, ಆಗ ನಕಲಿ ತಾನಾಗಿ ಗೊತ್ತಾಗುತ್ತದೆ, ಹಾಗೆಯೇ ನೀವೂ ದೇವರ ವಾಕ್ಯ, ಅಂದರೆ ಬೈಬಲ್, ಓದಿ. ಇದನ್ನು ಎಷ್ಟು ಪ್ರಸಂಗಗಳಲ್ಲಿ ಕೇಳಿಲ್ಲ ನಾವು! ಓದುವುದು ಬೇಕು, ಸರಿ. ಆದರೆ ಅಮೆರಿಕದ ಬ್ರಾಂಚ್ ಡೇವಿಡಿಯನ್ ಗುಂಪಿನ ನಾಯಕ ಡೇವಿಡ್ ಕೊರೆಶ್‌ಗೆ ಬೈಬಲ್ಲಿನ ಅಧ್ಯಾಯಗಳೇ ಬಾಯಿಪಾಠ ಇದ್ದವು. ಬೈಬಲ್ಲಿನ ಕೊನೆಯ ಪುಸ್ತಕ ಪ್ರಕಟನೆಯ ಏಳು ಮುದ್ರೆಗಳನ್ನು ಬಿಚ್ಚುವುದು ತನ್ನೊಬ್ಬನಿಂದಲೇ ಸಾಧ್ಯ ಅಂತ ಅವನು ಗಂಟೆಗಟ್ಟಲೆ ವಚನ ಹೇಳಿ ಹೇಳಿ ನಂಬಿಸಿದ. ಕೇಳುತ್ತಿದ್ದವರೂ ಬೈಬಲ್ ಓದದವರಲ್ಲ. 1993ರಲ್ಲಿ ಟೆಕ್ಸಸ್‌ನ ವೇಕೊ ಹತ್ತಿರ ಅವರ ಜಾಗಕ್ಕೆ ಸರ್ಕಾರಿ ಪಡೆಗಳ ಮುತ್ತಿಗೆ 51 ದಿನ ನಡೆದು, ಕೊನೆಗೆ ಬೆಂಕಿಯಲ್ಲಿ ಮಕ್ಕಳೂ ಸೇರಿ 70ಕ್ಕೂ ಹೆಚ್ಚು ಜನ ಹೋದರು. ವಾಕ್ಯ ಗೊತ್ತಿದ್ದರೆ ಸಾಲದು. ಓದಿದ್ದನ್ನು ಎದುರಿಗಿರುವವನಿಗೆ ತಿರುಗಿಸಿ ಕೇಳುವ ಸ್ವಾತಂತ್ರ್ಯ ಇರಬೇಕು. ಬೈಬಲ್ಲಿನಲ್ಲಿ ಬೆರೋಯ ಊರಿನವರು ಪೌಲನ ಮಾತನ್ನೇ ಪರೀಕ್ಷಿಸಿ ನೋಡಿದರು, ಅದಕ್ಕೆ ಅವರನ್ನು ಯಾರೂ ಬೈಯಲಿಲ್ಲ, ಹೊಗಳಿದರು.

ದಿನಾಂಕ ಹೇಳಿ ಮುಗ್ಗರಿಸಿದವರ ಪಾಠ ಮಜವಾಗಿದೆ. ಅಮೆರಿಕದ ಬೋಧಕ ವಿಲಿಯಂ ಮಿಲ್ಲರ್ ಅನುಯಾಯಿಗಳು ಯೇಸು ಮರಳಿ ಬರುತ್ತಾನೆ ಅಂತ 1844ರ ಅಕ್ಟೋಬರ್ 22ಕ್ಕೆ ಕಾದದ್ದು ಗೊತ್ತೇ ಇತ್ತು. ವಾಚ್‌ಟವರ್‌ನವರು, ಅಂದರೆ ಯೆಹೋವನ ಸಾಕ್ಷಿಗಳ ಸಂಸ್ಥೆಯವರು, 1925ರಲ್ಲಿ ಹಳೆಯ ಒಡಂಬಡಿಕೆಯ ಭಕ್ತರು ಎದ್ದು ಬರುತ್ತಾರೆ ಅಂತ ಕಾದರು, ಯಾರೂ ಬರಲಿಲ್ಲ. ಆದರೂ 1929ರಲ್ಲಿ ಸ್ಯಾನ್ ಡಿಯೇಗೊದಲ್ಲಿ ಒಂದು ಬಂಗಲೆ ಕಟ್ಟಿಸಿ, ದಾವೀದ, ಗಿದ್ಯೋನ, ಸಂಸೋನರೆಲ್ಲ ಬಂದಾಗ ಇರಲಿ ಅಂತ ಪತ್ರದಲ್ಲಿ ಅವರ ಹೆಸರು ಬರೆಸಿದ್ದರು! ಸದ್ಯಕ್ಕೆ ವಾಸ ಇದ್ದದ್ದು ಅವರ ಅಧ್ಯಕ್ಷ ರದರ್‌ಫರ್ಡ್. ಚರ್ಚೆಯಲ್ಲಿ ಎಲ್ಲರೂ ನಕ್ಕರು. ಆಗ ಆ ಹೊರಬಂದವರು, ನಗಬೇಡಿ ಅಂತೇನೂ ಹೇಳದೆ, ಅದೇ ವಾಚ್‌ಟವರ್‌ನವರ 1975ರ ಕಥೆ ಶುರುಮಾಡಿದರು. ಆ ವರ್ಷಕ್ಕೆ ಎಲ್ಲ ಮುಗಿಯುತ್ತದೆ ಅಂತ ನಂಬಿ ಮನೆ ಮಾರಿ ಸೇವೆಗೆ ಹೋದವರಿದ್ದರು. 1976 ಬಂದಾಗ ಅವರ ಕೈಯಲ್ಲಿ ಮನೆಯೂ ಇಲ್ಲ, ಕೆಲಸವೂ ಇಲ್ಲ, ಗುಂಪು ಬಿಟ್ಟರೆ ಯಾರೂ ಇಲ್ಲ. ಹಾಗಿರುವಾಗ ಬಿಟ್ಟುಬರಲು ಎಷ್ಟು ಧೈರ್ಯ ಬೇಕು ಯೋಚಿಸಿ. ಆಮೇಲೆ ಯಾರೂ ನಗಲಿಲ್ಲ.

ಆ ಹೊರಬಂದವರದೇ ಕಥೆಯ ಪಾಠವೇ ಈ ಕೋರ್ಸಿನ ಜೀವ. ಅವರು ಬೋಧನೆ ಮೆಚ್ಚಿ ಸೇರಿದ್ದಲ್ಲ. ಹೊಸ ಜಾಗ, ಯಾರ ಪರಿಚಯವೂ ಇಲ್ಲ, ಯಾರೋ ಬೈಬಲ್ ಸ್ಟಡಿಗೆ ಕರೆದರು. ಯಾವ ಸಭೆ ಅಂತ ಕೇಳಿದರೆ, ಯಾವ ಸಭೆಯೂ ಇಲ್ಲ, ಸುಮ್ನೆ ವಾಕ್ಯ ಓದುತ್ತೇವೆ ಅಂದರಂತೆ. ಕೊರಿಯಾದಲ್ಲಿ 1984ರಲ್ಲಿ ಲೀ ಮನ್-ಹೀ ಶುರುಮಾಡಿದ ಶಿನ್‌ಚಿಯೊಂಜಿ ಗುಂಪಿನ ಬಗ್ಗೆಯೂ ಇದೇ ದೂರು, ಹೆಸರು ಮುಚ್ಚಿಟ್ಟು ಬೈಬಲ್ ಸ್ಟಡಿಗೆ ಕರೆಯುತ್ತಾರೆ ಅಂತ. ಇವರಿಗೆ ಜ್ವರ ಬಂದಾಗ ಊಟ ತಂದುಕೊಟ್ಟರು, ಹುಟ್ಟಿದ ದಿನ ನೆನಪಿಟ್ಟರು. ನಿಜವಾದ ಹೆಸರು ಗೊತ್ತಾಗುವ ಹೊತ್ತಿಗೆ ಗೆಳೆಯರೆಲ್ಲ ಅಲ್ಲಿಯವರೇ ಆಗಿದ್ದರು.

ಆಮೇಲೆ ದಿನಚರಿ. ಪ್ರತಿ ರಾತ್ರಿ ಬರೆದು ಲೀಡರಿಗೆ ತೋರಿಸಬೇಕು: ಯಾರ ಜೊತೆ ಮಾತಾಡಿದೆ, ಏನು ಸಂದೇಹ ಬಂತು, ಮನಸ್ಸು ಎಲ್ಲಿ ಹೋಯಿತು. ಆ ನೋಟ್‌ಬುಕ್ಕಿನ ಒಂದು ಪುಟವನ್ನು ಸ್ಕ್ರೀನ್ ಮೇಲೆ ತೋರಿಸಿದರು. "ಅಮ್ಮನ ಫೋನ್ ಬಂತು, ಮಾತಾಡಬೇಕು ಅನ್ನಿಸಿತು" ಅಂತ ಒಂದು ಸಾಲು. ಅದರ ಕೆಳಗೆ ಕೆಂಪು ಪೆನ್ನಿನ ಗೆರೆ, ಪಕ್ಕದಲ್ಲಿ ಲೂಕ 14:26, ತಂದೆತಾಯಿಯನ್ನು ಹಗೆಮಾಡದವನು ಶಿಷ್ಯನಾಗಲಾರ ಅನ್ನುವ ವಚನ. ದೇವರ ಹೆಸರು ಹೇಳಿ ಅಪ್ಪ ಅಮ್ಮನ ಕೈಬಿಡುವವರನ್ನು ಅದೇ ಯೇಸು ಮಾರ್ಕ 7ರಲ್ಲಿ ಬೈದಿದ್ದಾನಲ್ಲ, ಅದು ಆ ಗುಂಪಿನಲ್ಲಿ ಯಾವತ್ತೂ ಓದಿಸಿದ ಭಾಗವಲ್ಲ. ಹೀಗೆ ಪಾಪ ಒಪ್ಪಿಸಿ ಒಪ್ಪಿಸಿ ಮನುಷ್ಯನನ್ನು ಹಿಡಿಯುವ ತಂತ್ರವನ್ನು ಮನೋವೈದ್ಯ ರಾಬರ್ಟ್ ಜೇ ಲಿಫ್ಟನ್ 1961ರಲ್ಲೇ ಬರೆದಿದ್ದರು, ಅದೂ ಧರ್ಮದ ಬಗ್ಗೆ ಅಲ್ಲ, ಕಮ್ಯುನಿಸ್ಟ್ ಚೀನಾದಲ್ಲಿ ಜನರ ಮನಸ್ಸು ತಿದ್ದುತ್ತಿದ್ದ ವಿಧಾನದ ಬಗ್ಗೆ.

ಇವರು ಹೊರಬಂದದ್ದು ವಾದದಲ್ಲಿ ಸೋತು ಅಲ್ಲ. ಅಕ್ಕ ಒಬ್ಬರು ಬಿಡದೆ ಮೆಸೇಜ್ ಮಾಡುತ್ತಿದ್ದರು. ಧರ್ಮದ ಮಾತಿಲ್ಲ, ಯಾವಾಗ ಬರುತ್ತೀಯ ಅನ್ನುವ ಮಾತೂ ಇಲ್ಲ. ನಾಯಿ ಮರಿ ಹಾಕಿತು, ಮನೆಗೆ ಸುಣ್ಣ ಬಳಿಸಿದೆವು, ಇಷ್ಟೇ. ಇವರು ಉತ್ತರ ಕೊಡುತ್ತಿರಲಿಲ್ಲ. ಕೊನೆಗೆ ಒಳಗೆ ಉಸಿರುಕಟ್ಟಿದಾಗ ಹೊರಗಿನ ನಂಬರ್ ಅಂತ ಉಳಿದಿದ್ದದ್ದು ಅಕ್ಕನದೊಂದೇ. ಮನೆಯವರು ಏನು ಮಾಡಬೇಕು ಅಂತ ಕೇಳಿಕೊಂಡು ಬಂದವರಿಗೆ ಇಡೀ ಕೋರ್ಸಿನಲ್ಲಿ ಇದಕ್ಕಿಂತ ನೇರ ಉತ್ತರ ಇನ್ನೊಂದಿಲ್ಲ.

ಇಷ್ಟು ಕೇಳಿಸಿದ ಮೇಲೆ ಮುಂದಿನ ವಾರ ರೋಲ್ ಪ್ಲೇ ಮಾಡಿಸುತ್ತಾರೆ, ಅದೇ ಬೇಸರ. ಇಬ್ಬಿಬ್ಬರನ್ನು ಜೋಡಿ ಮಾಡಿ, ಒಬ್ಬರು ಕಲ್ಟ್‌ನವರು, ಇನ್ನೊಬ್ಬರು ವಿಶ್ವಾಸಿ, ವರ್ಕ್‌ಶೀಟ್ ನೋಡಿಕೊಂಡು ವಚನಕ್ಕೆ ವಚನ ಎಸೆಯಬೇಕು. ಯಾರು ಉತ್ತರ ಇಲ್ಲದೆ ನಿಲ್ಲುತ್ತಾರೋ ಅವರು ಸೋತರು. ಪೇತ್ರ ಉತ್ತರ ಕೊಡಲು ಸಿದ್ಧರಾಗಿರಿ ಅಂದದ್ದು ನಿಜ, ಅದೇ ಉಸಿರಿನಲ್ಲಿ ಸೌಮ್ಯವಾಗಿ, ಗೌರವದಿಂದ ಅಂತಲೂ ಅಂದಿದ್ದಾನೆ, ವರ್ಕ್‌ಶೀಟಿನಲ್ಲಿ ವಚನದ ಆ ಅರ್ಧ ಅಚ್ಚಾಗಿಲ್ಲ! ಮನೆಯವರ ಮೇಲೆ ಇದನ್ನು ಪ್ರಯೋಗ ಮಾಡಿದರೆ, ಹೊರಗಿನವರು ನಿನ್ನನ್ನು ಹಿಂಸಿಸುತ್ತಾರೆ ಅಂತ ಲೀಡರ್ ಮೊದಲೇ ಹೇಳಿಟ್ಟ ಮಾತನ್ನು ನಾವೇ ನಿಜ ಮಾಡಿಕೊಟ್ಟ ಹಾಗಾಗುತ್ತದೆ. ಈ ಪಾಠ ಬಿಟ್ಟರೆ ನಷ್ಟವಿಲ್ಲ.

2 ಯೋಹಾನ 10ರ ವಿವರಣೆ ಮಾತ್ರ ಬಿಡಬೇಡಿ. ಕ್ರಿಸ್ತನ ಈ ಬೋಧನೆ ತರದವನನ್ನು ಮನೆಗೆ ಸೇರಿಸಬೇಡಿ ಅನ್ನುವ ವಚನ ಹಿಡಿದು ಬಾಗಿಲು ಬಡಿದು ಹಾಕುವವರು ಬೇಕಾದಷ್ಟಿದ್ದಾರೆ. ಆಗ ಸಭೆ ಸೇರುತ್ತಿದ್ದದ್ದೇ ಮನೆಗಳಲ್ಲಿ, ಊರೂರು ತಿರುಗುವ ಬೋಧಕರನ್ನು ಉಳಿಸಿಕೊಂಡು ಊಟ ಹಾಕಿ ಮುಂದಕ್ಕೆ ಕಳಿಸುವುದೂ ಮನೆಯವರೇ. ಸುಳ್ಳು ಬೋಧಕನಿಗೆ ವೇದಿಕೆ, ಖರ್ಚು ಕೊಡಬೇಡಿ ಅನ್ನುವುದು ಅದರ ತಾತ್ಪರ್ಯ, ಬಿಸಿಲಲ್ಲಿ ಬಂದವನಿಗೆ ನೀರು ಕೊಡಬೇಡಿ ಅಂತಲ್ಲ. ಪಾಸ್ಟರ್ ಇದನ್ನು ಚೆನ್ನಾಗಿ ಬಿಡಿಸಿ ಹೇಳಿದರು.

ಇನ್ನು ಇಲ್ಲದ್ದು. 1970ರ ದಶಕದಲ್ಲಿ ಅಮೆರಿಕದಲ್ಲಿ ಗಾಬರಿಬಿದ್ದ ತಂದೆತಾಯಿಗಳು ದುಡ್ಡು ಕೊಟ್ಟು ಬೆಳೆದ ಮಕ್ಕಳನ್ನೇ ಎತ್ತಿಕೊಂಡು ಬರಿಸಿ, ಕೋಣೆಯಲ್ಲಿ ಕೂಡಿಹಾಕಿ ಮನಸ್ಸು ಬದಲಿಸಲು ನೋಡಿದರು. ಅದಕ್ಕೆ ಹೆಸರಾದ ಟೆಡ್ ಪ್ಯಾಟ್ರಿಕ್ ಜೈಲಿಗೂ ಹೋದ. ಇದಕ್ಕೆ ಕೋರ್ಸಿನಲ್ಲಿ ಒಂದೇ ಸ್ಲೈಡ್. ಗಾಬರಿಯಲ್ಲಿರುವ ಮನೆಯವರ ತಲೆಗೆ ಮೊದಲು ಬರುವುದೇ ಈ ಯೋಚನೆ, ಹಾಗಾಗಿ ಇನ್ನಷ್ಟು ಹೇಳಬೇಕಿತ್ತು. ಪೊಲೀಸ್ ಅನ್ನುವ ಮಾತಂತೂ ಎಲ್ಲೂ ಇಲ್ಲ. ಕೀನ್ಯಾದ ಶಕಹೋಲ ಕಾಡಿನಲ್ಲಿ 2023ರಿಂದ 400ಕ್ಕೂ ಹೆಚ್ಚು ಹೆಣ ಅಗೆದು ತೆಗೆದರು. ಉಪವಾಸ ಮಾಡಿ ಸತ್ತರೆ ಯೇಸುವನ್ನು ಕಾಣುತ್ತೀರಿ ಅಂತ ಬೋಧಿಸಿದ ಆರೋಪ ಅಲ್ಲಿನ ಬೋಧಕನ ಮೇಲಿದೆ. ಮಕ್ಕಳಿಗೆ ಹೊಡೆತ, ಔಷಧ ನಿಲ್ಲಿಸುವುದು, ಲೈಂಗಿಕ ದೌರ್ಜನ್ಯ ಗೊತ್ತಾದರೆ ಪ್ರಾರ್ಥನಾ ಕೂಟಕ್ಕಿಂತ ಮೊದಲು ದೂರು ಕೊಡಿ ಅಂತ ಒಂದು ಸಾಲಾದರೂ ಬೇಕಿತ್ತು. ಅದರ ಬದಲು ಕ್ಷಮೆಯ ಮೇಲೆ ಒಂದು ಇಡೀ ಪಾಠ.

ಕೊನೆಯ ಚರ್ಚೆಯಲ್ಲಿ ಒಬ್ಬರು ಕೇಳಿದರು: ನಮ್ಮ ಸಭೆಯಲ್ಲಿ ಲೆಕ್ಕ ಕೇಳಿದರೆ "ದೇವರು ಅಭಿಷೇಕಿಸಿದವರನ್ನು ಮುಟ್ಟಬೇಡಿ" ಅನ್ನುತ್ತಾರೆ, ಬೋಧನೆ ಮಾತ್ರ ಎಲ್ಲ ಸರಿ ಇದೆ, ಇದು ಏನು? ಪಾಸ್ಟರ್ ತಡವರಿಸಿದರು. ಹೊರಬಂದವರು 3 ಯೋಹಾನ ಓದಿ ಅಂದರು. ಅಲ್ಲಿ ದಿಯೊತ್ರೇಫ ಅಂತ ಒಬ್ಬ ಇದ್ದಾನೆ. ಅವನ ಬೋಧನೆ ತಪ್ಪು ಅಂತ ಯೋಹಾನ ಹೇಳುವುದಿಲ್ಲ, ತಾನೇ ಮೊದಲು ಅನ್ನಿಸಿಕೊಳ್ಳುವ ಆಸೆ, ಮಾತು ಕೇಳದವರನ್ನು ಸಭೆಯಿಂದ ಹೊರಹಾಕುವ ಚಾಳಿ, ದೂರು ಅಷ್ಟೇ. ಇಡೀ ಕೋರ್ಸಿನಲ್ಲಿ ಅತ್ಯಂತ ಬೇಕಾಗಿದ್ದ ಪಾಠ ಇದು, ಸಿಕ್ಕಿದ್ದು ಮಾತ್ರ ಸಮಯ ಮುಗಿಯುತ್ತಿರುವಾಗ, ಒಂದು ಪ್ರಶ್ನೆಗೆ ಉತ್ತರವಾಗಿ.

ಹೊರಬಂದವರನ್ನು ಸ್ವಾಗತಿಸುವ ಸಭೆಗಳಿಗೂ ಅವರು ಒಂದು ಮಾತು ಹೇಳಿದರು. ಬಿಟ್ಟುಬಂದ ಹೊಸದರಲ್ಲಿ ಬೈಬಲ್ ತೆರೆದರೆ ಪ್ರತಿ ವಚನವೂ ಹಳೆಯ ಲೀಡರಿನ ದನಿಯಲ್ಲೇ ಕೇಳಿಸುತ್ತಿತ್ತಂತೆ. ಅವರು ಹೋದ ಮೊದಲ ಸಭೆಯವರು ಅಂಥ ಹೊತ್ತಲ್ಲೇ ಅವರನ್ನು ವೇದಿಕೆ ಹತ್ತಿಸಿ ಸಾಕ್ಷಿ ಹೇಳಿಸಿದರು. ಆಮೇಲೆ ಅವರು ಆ ಸಭೆಗೂ ಹೋಗಲಿಲ್ಲ.

ಪಾಸ್ಟರ್‌ಗಳು, ಯುವಜನರ ಕೂಟ ನಡೆಸುವವರು ಪೂರ್ತಿ ತಗೊಳ್ಳಿ. ಮನೆಯವರು ಒಳಗಿದ್ದಾರೆ ಅಂತ ಬರುವವರಿಗೆ ಮೊದಲ ಪಾಠ, ಹೊರಬಂದವರ ಕಥೆ, 2 ಯೋಹಾನದ ಪಾಠ ಸಾಕು. ಬಿಡಿ ಪಾಠ ಮಾರುವುದಿಲ್ಲ ಅನ್ನುವುದು ಒಂದು ಕೊರತೆ. ವಿಡಿಯೊ ಡೌನ್‌ಲೋಡ್ ಮಾಡಲು ಬಿಡುವುದಿಲ್ಲ, ಕೋರ್ಸ್ ಮುಗಿದ ಮೇಲೆ ಲಾಗಿನ್ ಬೇಗ ಮುಚ್ಚಿಬಿಡುತ್ತಾರೆ, ಹಾಗಾಗಿ ನೋಟ್ಸ್ ಆಗಿಂದಾಗಲೇ ಬರೆದುಕೊಳ್ಳಿ.