ಝಡ್‌ಎಕ್ಸ್ ಸ್ಪೆಕ್ಟ್ರಮ್ 48ಕೆ: ಆರು ವರ್ಷ ಬಳಸಿದ ಮೇಲೆ

ಸ್ಕಾಟ್ಲೆಂಡಿನ ಡಂಡೀಗೆ ಬಂದ ವರ್ಷವೇ ಈ ಹಳೇ ಕಂಪ್ಯೂಟರ್ ಕೊಂಡೆ. ಸ್ಪೆಕ್ಟ್ರಮ್‌ಗಳನ್ನು ಜೋಡಿಸುತ್ತಿದ್ದ ಟೈಮೆಕ್ಸ್ ಕಾರ್ಖಾನೆ ಇದ್ದದ್ದು ಇದೇ ಊರಲ್ಲಿ. ಆಸೆ ಹುಟ್ಟಿದ್ದೇ ಅದರಿಂದ. ಈಗಲೂ ವಾರಕ್ಕೆರಡು ಸಲವಾದರೂ ಆನ್ ಮಾಡುತ್ತೇನೆ.

ಇದರ ಕಥೆ ಬೆಲೆಯಿಂದಲೇ ಶುರುವಾಗಬೇಕು. 1982ರ ಏಪ್ರಿಲ್‌ನಲ್ಲಿ ಬ್ರಿಟನ್ನಿನ ಉದ್ಯಮಿ ಕ್ಲೈವ್ ಸಿಂಕ್ಲೇರ್ ಇದನ್ನು ಹೊರತಂದಾಗ 16ಕೆ, ಅಂದರೆ 16 ಕಿಲೋಬೈಟ್ ಮೆಮೊರಿಯ ಮಾದರಿಗೆ 125 ಪೌಂಡ್, 48ಕೆಗೆ 175. ಆಗ ಶಾಲೆಗಳಲ್ಲಿದ್ದ ಬಿಬಿಸಿ ಮೈಕ್ರೋ ಮಾಡೆಲ್ ಬಿ ಕಂಪ್ಯೂಟರಿಗೆ 399 ಪೌಂಡ್! ಅದರ ಅರ್ಧ ದುಡ್ಡೂ ಬೇಡ, ಬಣ್ಣದ ಕಂಪ್ಯೂಟರ್ ಮನೆಗೆ ಬಂತು. ಮಾನಿಟರ್ ಬದಲು ಮನೆಯ ಟಿವಿ, ಡಿಸ್ಕ್ ಬದಲು ಟೇಪ್ ರೆಕಾರ್ಡರ್.

ದುಡ್ಡು ಉಳಿಸಿದ್ದು ಎಲ್ಲೆಲ್ಲಿ ಅಂತ ಬಳಸುವಾಗ ಗೊತ್ತಾಗುತ್ತದೆ. ತೆರೆಯಲ್ಲಿ ಅಡ್ಡಕ್ಕೆ 256, ಉದ್ದಕ್ಕೆ 192 ಚುಕ್ಕಿ. ಪ್ರತಿ ಚುಕ್ಕಿಗೂ ಎಂಟರಲ್ಲಿ ಒಂದು ಬಣ್ಣ ಕೊಡಲು 18ಕೆ ಮೆಮೊರಿ ಬೇಕು. ಚಿಕ್ಕ ಮಾದರಿಯಲ್ಲಿ ಇದ್ದದ್ದೇ 16ಕೆ! ಅದಕ್ಕೇ 8 ಚುಕ್ಕಿ ಅಗಲ, 8 ಚುಕ್ಕಿ ಉದ್ದದ ಒಂದೊಂದು ಚೌಕಕ್ಕೂ ಎರಡೇ ಬಣ್ಣ. ಇಡೀ ಚಿತ್ರ 6,912 ಬೈಟ್‌ಗಳಲ್ಲಿ ಮುಗಿಯುತ್ತದೆ. ಹಸಿರು ಮರದ ಮುಂದೆ ಹಳದಿ ಗೊಂಬೆ ಹಾದರೆ ಮರಕ್ಕೂ ಹಳದಿ ಬಳಿದುಕೊಳ್ಳುತ್ತದೆ. ಮೊದಮೊದಲು ಕಿರಿಕಿರಿ ಅನಿಸಿತ್ತು. ಲೆಕ್ಕ ತಿಳಿದ ಮೇಲೆ ಮೆಚ್ಚಿಗೆಯೇ ಜಾಸ್ತಿ.

ರಬ್ಬರ್ ಕೀಲಿಗಳಲ್ಲಿ ಉದ್ದದ ಬರಹ ಕಷ್ಟ. ಆದರೆ ಇದರಲ್ಲಿ ಪ್ರೋಗ್ರಾಮ್ ಬರೆಯುವ ಭಾಷೆಯಾದ ಬೇಸಿಕ್‌ನಲ್ಲಿ ಪಿ ಒತ್ತಿದರೆ ‘ಪ್ರಿಂಟ್’ ಎಂಬ ಇಡೀ ಪದವೇ ಮೂಡುತ್ತದೆ. ಒಂಬತ್ತು ವರ್ಷದ ಮಗಳು ಮೊದಲ ಪ್ರೋಗ್ರಾಮ್ ಬರೆದದ್ದು ಇದರಲ್ಲೇ. ಆನ್ ಮಾಡಿದ ತಕ್ಷಣ ಬರೆಯಲು ಕೂರಬಹುದು, ನಡುವೆ ಬೇರೇನೂ ಇಲ್ಲ. ಮಕ್ಕಳಿಗೆ ಇದಕ್ಕಿಂತ ಇನ್ನೇನು ಬೇಕು, ಅಲ್ವಾ?

ರಿಪೇರಿಯ ಖರ್ಚೂ ಇದೆ. ಮೂರನೇ ವರ್ಷ ಕೀಲಿಗಳ ಕೆಳಗಿನ ಪ್ಲಾಸ್ಟಿಕ್ ಹಾಳೆ ಬಿರುಕು ಬಿಟ್ಟು ಒಂದು ಸಾಲು ಪೂರ್ತಿ ಸತ್ತಿತು. ಹೊಸ ಹಾಳೆ ಸಿಗುತ್ತದೆ, ಹಾಕಿಕೊಂಡೆ. ಹಳೇ ಕೆಪಾಸಿಟರ್‌ಗಳನ್ನೂ ಬದಲಿಸಿದೆ. ಆಟಗಳು ಟೇಪಿನಲ್ಲಿ ಕಿರುಚುವ ಸದ್ದಾಗಿ ಇರುತ್ತವೆ, ಹಾಗಾಗಿ ಟೇಪ್ ರೆಕಾರ್ಡರ್ ಕೆಟ್ಟ ಮೇಲೆ ಫೋನಿನ ಹೆಡ್‌ಫೋನ್ ತೂತಿನಿಂದಲೇ ಆಟಗಳನ್ನು ಲೋಡ್ ಮಾಡುತ್ತೇನೆ. ಸದ್ದು ಜೋರಾಗಿಟ್ಟರೆ ಸಾಕು. ದೊಡ್ಡ ಆಟಕ್ಕೆ ಐದು ನಿಮಿಷ ಹಿಡಿಯುತ್ತದೆ. ಆ ಕಿರುಚಾಟ ಕೇಳುತ್ತಾ, ತೆರೆಯ ಅಂಚಿನಲ್ಲಿ ಓಡುವ ಪಟ್ಟಿಗಳನ್ನು ನೋಡುತ್ತಾ ಕಾಯುವುದು ನನಗೂ ಮಗಳಿಗೂ ಇಷ್ಟ.

ಕೊಳ್ಳುವವರು ಒಂದು ವಿಷಯ ಮರೆಯಬೇಡಿ. ಇದಕ್ಕೆ 9 ವೋಲ್ಟ್ ಅಡಾಪ್ಟರ್ ಬೇಕು, ಅದರ ಪಿನ್ನಿನ ನಡುಭಾಗ ನೆಗೆಟಿವ್ ಇರಬೇಕು. ಈಗಿನ ಹೆಚ್ಚಿನ ಅಡಾಪ್ಟರ್‌ಗಳಲ್ಲಿ ಅದು ಉಲ್ಟಾ. ಸುಮ್ನೆ ಸಿಕ್ಕಿದ್ದನ್ನು ಚುಚ್ಚಿದರೆ ಒಳಗಿನ ಚಿಪ್‌ಗಳು ಸುಟ್ಟುಹೋಗಬಹುದು.