14 ತಿಂಗಳು ಹುಳುಮನೆಯಲ್ಲಿದ್ದ ಇಎಸ್‌ಪಿ32 ಬೋರ್ಡ್: ಬೈದದ್ದು ಬೋರ್ಡಿಗೆ, ತಪ್ಪು ತಂತಿಯದ್ದು

ಶಿಡ್ಲಘಟ್ಟ ತಾಲ್ಲೂಕಿನ ನಮ್ಮ ರೇಷ್ಮೆ ಹುಳುಮನೆಯ ಗೋಡೆಯ ಮೇಲೆ ಈ ಇಎಸ್‌ಪಿ32 ಬೋರ್ಡ್, ಅಂದರೆ ವೈಫೈ ಇರುವ ಪುಟ್ಟ ಕಂಪ್ಯೂಟರ್ ಚಿಪ್ಪಿನ ಫಲಕ, 14 ತಿಂಗಳಿಂದ ಇದೆ, ಏಳು ಬೆಳೆ ಕಂಡಿದೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ 450 ರೂಪಾಯಿಗೆ ಕೊಂಡದ್ದು. ತಯಾರಿಸಿದವರ ಹೆಸರು ಬೋರ್ಡಿನ ಮೇಲೆ ಇಲ್ಲವೇ ಇಲ್ಲ. ಸೆನ್ಸರ್‌ನಿಂದ ಉಷ್ಣತೆ ಮತ್ತು ತೇವಾಂಶ ಓದಿ ಮೊಬೈಲಿಗೆ ಕಳುಹಿಸುವುದು, ಬಿಸಿ ಏರಿದರೆ ರಿಲೇ (ಬೋರ್ಡ್ ತಾನೇ ಒತ್ತುವ ಸ್ವಿಚ್) ಮೂಲಕ ಎಕ್ಸಾಸ್ಟ್ ಫ್ಯಾನ್ ಹಾಕುವುದು, ಇಷ್ಟೇ ಇದರ ಕೆಲಸ. ದೊಡ್ಡ ಹುಳುವಿಗೆ 24ರಿಂದ 26 ಡಿಗ್ರಿ, ಶೇಕಡ 70–75 ತೇವಾಂಶ ಬೇಕು. ಚಳಿಯ ಜೊತೆ ತೇವ ಸೇರಿದರೆ ಹುಳು ಸುಣ್ಣದಂತೆ ಬೆಳ್ಳಗೆ ಗಟ್ಟಿಯಾಗುವ ಸುಣ್ಣಕಟ್ಟು ರೋಗ ಕಾದಿರುತ್ತದೆ.

ಮೊದಲ ಮೂರು ವಾರ ಇದು ನನ್ನ ತಲೆ ತಿಂದಿತು. ಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪಿಗೆ ಸಿಕ್ಕಿಸಿದರೆ ದಿನವಿಡೀ ಚೆನ್ನಾಗಿ ಓಡುತ್ತಿತ್ತು. ಹುಳುಮನೆಗೆ ಒಯ್ದು ಹಾಕಿದರೆ ಎರಡು ನಿಮಿಷ ಬದುಕಿ, ವೈಫೈ ಹುಡುಕುವ ಹೊತ್ತಿಗೆ ಸತ್ತು, ಮತ್ತೆ ಹುಟ್ಟುತ್ತಿತ್ತು. ನಾನು ಮೊದಲು ಬೈದದ್ದು ಹಳ್ಳಿಯ ಕರೆಂಟನ್ನು. ಸಂಜೆಯಾದರೆ ನಮ್ಮಲ್ಲಿ ಟ್ಯೂಬ್‌ಲೈಟ್ ಮಿಣುಕುವುದು ಹೊಸದಲ್ಲವಲ್ಲ. ಆದರೆ ಅಡಾಪ್ಟರ್ ಮೇಲೆ 100–240 ವೋಲ್ಟ್ ಎಂದು ಬರೆದಿದೆ. ಆ ಮಿಣುಕು ಅದಕ್ಕೆ ಲೆಕ್ಕಕ್ಕೇ ಇಲ್ಲ. ಆಮೇಲೆ ಬೋರ್ಡನ್ನೇ ಬೈದೆ. ಬದಲಿಸಿಕೊಂಡು ಬರಲು ಬಸ್ ಹತ್ತುವುದೊಂದು ಬಾಕಿ ಇತ್ತು.

ಕೊನೆಗೆ ಲ್ಯಾಪ್‌ಟಾಪನ್ನೇ ಹುಳುಮನೆಗೆ ಒಯ್ದೆ. ತಟ್ಟೆಗಳ ನಡುವೆ ಸ್ಟೂಲ್ ಹಾಕಿ ಕುಳಿತು, ಗೋಡೆಯ ಮೇಲಿದ್ದ ಅದೇ ಉದ್ದನೆಯ ಕೇಬಲ್ಲಿನಿಂದ ಬೋರ್ಡನ್ನು ಲ್ಯಾಪ್‌ಟಾಪಿಗೆ ಜೋಡಿಸಿದೆ. ಬೋರ್ಡ್ ಹೇಳುವುದನ್ನು ಪರದೆಯ ಮೇಲೆ ತೋರಿಸುವ ಸೀರಿಯಲ್ ಮಾನಿಟರ್ ತೆರೆದು, ವೇಗ 115200 ಎಂದು ಕೊಟ್ಟೆ. ಮನೆಯಲ್ಲಿ ಒಮ್ಮೆಯೂ ಕಾಣದಿದ್ದ ಸಾಲು ಒಂದರ ಕೆಳಗೊಂದು ಬೀಳತೊಡಗಿತು: ‘ಬ್ರೌನ್‌ಔಟ್ ಡಿಟೆಕ್ಟರ್ ವಾಸ್ ಟ್ರಿಗರ್ಡ್’. ವೋಲ್ಟೇಜ್ ಕುಸಿಯಿತು, ಅದಕ್ಕೇ ನಿಲ್ಲಿಸಿ ಹೊಸದಾಗಿ ಶುರು ಮಾಡಿದೆ ಎಂದು ಚಿಪ್ ಮೂರು ವಾರದಿಂದ ಹೇಳುತ್ತಲೇ ಇತ್ತು. ಕೇಳಿಸಿಕೊಳ್ಳಲು ಅಲ್ಲಿ ಯಾರೂ ಇರಲಿಲ್ಲ, ಅಷ್ಟೇ.

ಬದಲಾಗಿದ್ದದ್ದು ಕೇಬಲ್ ಒಂದೇ. ಮನೆಯಲ್ಲಿ ಅರ್ಧ ಮೀಟರಿನದು, ಹುಳುಮನೆಯಲ್ಲಿ ಮೂರು ಮೀಟರಿನದು, ಅದೂ ನೂಲಿನಂತಹ ತಂತಿ. ಕಾಗದದ ಮೇಲೆ ಲೆಕ್ಕ ಹಾಕಿದೆ. ಅಷ್ಟು ತೆಳು ತಾಮ್ರಕ್ಕೆ ಮೀಟರಿಗೆ ಸುಮಾರು 0.2 ಓಮ್. ಹೋಗಿ ಬರಲು ಆರು ಮೀಟರ್, ಅಂದರೆ 1.2 ಓಮ್. ವೈಫೈ ಪ್ರಸಾರದ ಕ್ಷಣದಲ್ಲಿ ರಿಲೇಯೂ ಸೇರಿ 0.4 ಆಂಪಿಯರ್ ಎಳೆದರೆ ದಾರಿಯಲ್ಲೇ ಅರ್ಧ ವೋಲ್ಟ್ ಸೋರಿಹೋಗುತ್ತದೆ. ಯುಎಸ್‌ಬಿ ಕಿಂಡಿಯ ಹಿಂದಿರುವ ಡಯೋಡ್ 0.3 ತಿನ್ನುತ್ತದೆ. 5 ವೋಲ್ಟಿನಲ್ಲಿ ಉಳಿದದ್ದು 4.2. ವೋಲ್ಟೇಜ್ ಇಳಿಸಿ ಚಿಪ್ಪಿಗೆ ಕೊಡುವ, ಬೋರ್ಡಿನ ಎಎಂಎಸ್1117 ರೆಗ್ಯುಲೇಟರ್ 3.3 ವೋಲ್ಟ್ ಕೊಡಬೇಕಾದರೆ ಅದರ ಮೇಲೆ ಇನ್ನೂ 1.1ರಷ್ಟು ಇರಬೇಕು, ಅಂದರೆ 4.4. ಮಲ್ಟಿಮೀಟರ್ ಮಾತ್ರ 4.8 ಎಂದು ತೋರಿಸಿ ನನ್ನನ್ನು ನಂಬಿಸಿತ್ತು. ಕಣ್ಣುರೆಪ್ಪೆ ಬಡಿಯುವಷ್ಟರಲ್ಲಿ ಮುಗಿಯುವ ಕುಸಿತವನ್ನು ಹಿಡಿಯುವಷ್ಟು ಅದು ಚುರುಕಲ್ಲ.

ಕೇಬಲ್ ಬದಲಿಸುವುದಕ್ಕೂ ಮುಂಚೆ ಒಂದು ಅಡ್ಡದಾರಿ ತುಳಿದಿದ್ದೆ, ಹೇಳಲು ನಾಚಿಕೆ. ಆ ಬ್ರೌನ್‌ಔಟ್ ಕಾವಲನ್ನೇ ಪ್ರೋಗ್ರಾಮಿನಲ್ಲಿ ಬಂದ್ ಮಾಡಿದರೆ ರೀಸ್ಟಾರ್ಟ್ ನಿಲ್ಲುತ್ತದೆ ಎಂದು ಒಬ್ಬರು ಹೇಳಿದ್ದರು. ನಿಂತಿತು ನಿಜ. ಆದರೆ ಮಧ್ಯಾಹ್ನದ ಬಿಸಿಗೆ ಫ್ಯಾನ್ ಹಾಕಿದ ಬೋರ್ಡ್ ಅಲ್ಲೇ ಕಲ್ಲಾಗಿ, ಫ್ಯಾನ್ ರಾತ್ರಿಯಿಡೀ ತಿರುಗಿತು. ಬೆಳಿಗ್ಗೆ ಹೋಗಿ ನೋಡಿದರೆ ಹಿಂದಿನ ಸಂಜೆ ಹಾಕಿದ ಸೊಪ್ಪು ಹಪ್ಪಳದಂತೆ ಗರಿಗರಿ, ಹುಳುಗಳು ತಲೆ ಎತ್ತಿಕೊಂಡು ಕಾಯುತ್ತಿದ್ದವು. “ನಿನ್ನ ಯಂತ್ರಕ್ಕಿಂತ ಆ ಹಳೆಯ ಥರ್ಮಾಮೀಟರೇ ವಾಸಿ ಕಣಪ್ಪ” ಎಂದರು ಅಮ್ಮ. ನನ್ನ ಬಳಿ ಉತ್ತರವಿರಲಿಲ್ಲ. ಬೊಗಳುವ ನಾಯಿಯ ಬಾಯಿ ಕಟ್ಟಿ ಮಲಗಿದವನು ನಾನೇ.

ಈಗ 230 ವೋಲ್ಟಿನ ವೈರನ್ನೇ ಬೋರ್ಡಿನ ಹತ್ತಿರಕ್ಕೆ ಎಳೆದು, 5 ವೋಲ್ಟ್ 2 ಆಂಪಿಯರ್ ಅಡಾಪ್ಟರನ್ನು ಪಕ್ಕದಲ್ಲೇ ಇಟ್ಟು, ಅರ್ಧ ಮೀಟರಿನ ದಪ್ಪ ಕೇಬಲ್ ಹಾಕಿದ್ದೇನೆ. ಸುಮಾರು 70 ಮಿಲಿಆಂಪಿಯರ್ ಎಳೆಯುವ ರಿಲೇಗೆ ಅಡಾಪ್ಟರಿನಿಂದಲೇ ಬೇರೆ ತಂತಿ. ಗ್ರೌಂಡ್ (ಮೈನಸ್ ತಂತಿ) ಮಾತ್ರ ಎರಡಕ್ಕೂ ಒಂದೇ. ಕ್ಷಣದ ಕುಸಿತ ತುಂಬಿಕೊಡಲು 5 ವೋಲ್ಟ್ ಮತ್ತು ಗ್ರೌಂಡ್ ನಡುವೆ 470 ಮೈಕ್ರೋಫ್ಯಾರಡ್ ಕೆಪಾಸಿಟರ್ ಇದೆ. ಮೊದಲನೆಯದನ್ನು ತಿರುಗುಮುರುಗಾಗಿ ಹಾಕಿ ಢಬ್ ಎನಿಸಿದ್ದೆ. ಪಟ್ಟೆ ಇರುವ ಕಡೆ ಗ್ರೌಂಡಿಗೆ ಹೋಗಬೇಕು. ಅಂದಿನಿಂದ ಇಂದಿನವರೆಗೆ ಆ ಸಾಲು ಪರದೆಯ ಮೇಲೆ ಬಂದಿಲ್ಲ.

ಬೋರ್ಡಿನ ಮೇಲೆ ನನಗಿರುವ ನಿಜವಾದ ದೂರು ಬ್ಯಾಟರಿಯದು. ಕರೆಂಟು ಹೋದಾಗ ಇರಲಿ ಎಂದು 3.7 ವೋಲ್ಟಿನ ಲಿಥಿಯಂ ಸೆಲ್ ಒಂದನ್ನು 5 ವೋಲ್ಟ್ ಪಿನ್ನಿಗೆ ಕೊಟ್ಟೆ. 3.7ರಲ್ಲಿ 1.1 ಕಳೆದರೆ ಚಿಪ್ಪಿಗೆ ಎಲ್ಲಿ ಸಾಕು? ಪವರ್‌ಬ್ಯಾಂಕ್ ಇಟ್ಟೆ. ಕರೆಂಟು ಉಳಿಸಲು ಬೋರ್ಡ್ ನಿದ್ರೆಗೆ ಜಾರಿದ ಕೂಡಲೇ ಬಳಸುವವರಿಲ್ಲ ಎಂದುಕೊಂಡು ಅದೂ ಮಲಗಿತು. ಆ ನಿದ್ರೆಯಾದರೂ ಎಂಥದ್ದು! ಚಿಪ್ ಒಂದೇ ಆಗಿದ್ದರೆ ಗಾಢನಿದ್ರೆಗೆ 10 ಮೈಕ್ರೋಆಂಪಿಯರ್ ಸಾಕು. ಬೋರ್ಡಿನಲ್ಲಿ ರೆಗ್ಯುಲೇಟರ್, ಯುಎಸ್‌ಬಿ ಚಿಪ್, ಕೆಂಪು ದೀಪ ಸೇರಿ ಹತ್ತು ಮಿಲಿಆಂಪಿಯರ್ ನುಂಗುತ್ತವೆ, ಸಾವಿರ ಪಟ್ಟು. ಸೆಲ್ಲಿನಲ್ಲಿ ಓಡಿಸುವವರು ಕಡಿಮೆ ಡ್ರಾಪ್‌ಔಟಿನ, ಅಂದರೆ 1.1ರಷ್ಟು ಹೆಚ್ಚುವರಿ ವೋಲ್ಟೇಜ್ ಕೇಳದ, ರೆಗ್ಯುಲೇಟರ್ ಇರುವ ಬೋರ್ಡನ್ನು ಹುಡುಕಿಕೊಳ್ಳಿ. ನಾನು ರೂಟರಿಗೆ ಇಡುವ ಪುಟ್ಟ ಯುಪಿಎಸ್ಸಿನ 5 ವೋಲ್ಟ್ ಕಿಂಡಿಗೆ ಹಾಕಿ ಆ ಗೋಜು ಬಿಟ್ಟಿದ್ದೇನೆ. ಗೋಡೆಯ ಪ್ಲಗ್ಗಿನಿಂದ ಓಡಿಸುವವರಿಗೆ ಈ ಬೆಲೆಗೆ ಧೈರ್ಯವಾಗಿ ಹೇಳುತ್ತೇನೆ, ಕೊಳ್ಳಿ. ಕೇಬಲ್ಲಿಗೆ ಮಾತ್ರ ಜಿಪುಣತನ ಬೇಡ.

ಒಂದು ಬೆಳೆ ಮುಗಿದು ಹುಳುಮನೆಗೆ ಬ್ಲೀಚಿಂಗ್ ಪುಡಿ ನೀರು ಸಿಂಪಡಿಸುವಾಗ ಬೋರ್ಡನ್ನು ಕಳಚಿ ಹೊರಗಿಡಬೇಕು. ಎರಡನೇ ಬೆಳೆಯಲ್ಲಿ ಮರೆತದ್ದಕ್ಕೆ ಪಿನ್ನುಗಳಲ್ಲಿ ಇಂದಿಗೂ ಹಸಿರು ಕಿಲುಬು ಇದೆ. ಹೀಗೆ ಕಳಚಿ ಹಾಕಿ ಯುಎಸ್‌ಬಿ ಕಿಂಡಿ ಸಡಿಲವಾಗಿದೆ, ಸದ್ಯಕ್ಕೆ ದಾರ ಕಟ್ಟಿದ್ದೇನೆ. ಹುಳು ನಾಲ್ಕನೇ ಜ್ವರದಲ್ಲಿದೆ, ಅಂದರೆ ನಾಲ್ಕನೇ ಸಲ ಪೊರೆ ಬಿಡುತ್ತಿದೆ. ಹಣ್ಣಾಗಿ, ಗೂಡು ಕಟ್ಟುವ ಚಂದ್ರಿಕೆ ಹತ್ತುವವರೆಗೆ ಆ ಕಿಂಡಿಯನ್ನು ಮುಟ್ಟುವುದಿಲ್ಲ.