ಒಂದೇ ಚೆಂಡು, ಎರಡು ಬಗೆಯ ತೂತು: ‘ಸ್ಟಾರ್ಮ್ ಫೇಜ್ 2’ ಬಳಸಿ ನೋಡಿದ ಮೇಲೆ

ಹಾಸನದ ನಮ್ಮ ಮನೆಯ ಜಗಲಿಯಲ್ಲಿ ಹತ್ತು ಪಿನ್ನು ಬೀಳಿಸುವ ಬೌಲಿಂಗ್ ಆಟದ ಎರಡು ಚೆಂಡುಗಳು ಉರುಳಿಹೋಗದಂತೆ ಹಳೆಯ ಸ್ಕೂಟರ್ ಟೈರಿನೊಳಗೆ ಕೂತಿವೆ. ಎರಡೂ ಸ್ಟಾರ್ಮ್ ಕಂಪನಿಯ ಫೇಜ್ 2. ಎರಡೂ 15 ಪೌಂಡು, ಅಂದರೆ ಸುಮಾರು 6.8 ಕಿಲೋ. ಒಂದು ನನ್ನದು, ಇನ್ನೊಂದು ಚಿಕ್ಕಮಗಳೂರಿನ ಕಡೆ ಕಾಫಿ ತೋಟ ಮಾಡಿಕೊಂಡಿರುವ ನಮ್ಮ ಭಾವನದು. ಒಟ್ಟಿಗೇ ತರಿಸಿಕೊಂಡ ಈ ಜೋಡಿಗೆ ಬೇರೆ ಬೇರೆ ಅಂಗಡಿಗಳಲ್ಲಿ ಬೆರಳು ತೂರಿಸುವ ತೂತು ಹಾಕಿಸಿದೆವು. ಆಮೇಲೆ ಹದಿನಾಲ್ಕು ತಿಂಗಳು ಇವುಗಳ ಜೊತೆ ಕಳೆದರೂ, ಮೊದಲ ನಾಲ್ಕು ತಿಂಗಳ ಮಟ್ಟಿಗೆ ಇವು ಒಂದೇ ಕಾರ್ಖಾನೆಯಿಂದ ಬಂದವೆಂದು ನಂಬುವುದೇ ಕಷ್ಟವಾಗಿತ್ತು. ನನ್ನ ಚೆಂಡು ಲೇನಿನ, ಅಂದರೆ ಚೆಂಡು ಉರುಳಿಸುವ ಉದ್ದನೆಯ ಪಟ್ಟಿಯ, ಮುಕ್ಕಾಲು ಭಾಗ ಜಾರಿಕೊಂಡು ಹೋಗಿ ಕೊನೆಗೆ ಎಡಕ್ಕೆ ಬಲವಾಗಿ ಹೊರಳುತ್ತಿತ್ತು. ಭಾವನದು ಬೇಗನೆ ಬಾಗಲು ಶುರುವಿಟ್ಟು, ಪಿನ್ನುಗಳ ಹತ್ತಿರ ಬರುವ ಹೊತ್ತಿಗೆ ಸುಸ್ತಾದ ಎತ್ತಿನಂತೆ ನೇರ ನಡೆದುಬಿಡುತ್ತಿತ್ತು. ತಪ್ಪು ತೂತಿನದೋ, ಹೊರಪದರದ್ದೋ, ಕೈಯದ್ದೋ ಎಂಬ ವಾದ ಇಲ್ಲಿಂದಲೇ ಹುಟ್ಟಿದ್ದು.

ಮೊದಲು ಚೆಂಡಿನ ವಿಚಾರ ಹೇಳಬೇಕು. ಫೇಜ್ 2ರ ಒಳಗಿನ ತಿರುಳು, ಅಂದರೆ ಕೋರ್, ಸಮಮಿತಿಯದು. ಕಂಪನಿ ಅದನ್ನು ‘ವೆಲಾಸಿಟಿ’ ಎಂದು ಕರೆಯುತ್ತದೆ. 15 ಪೌಂಡಿನ ಚೆಂಡಿನಲ್ಲಿ ಇದರ ಆರ್‌ಜಿ 2.48, ಡಿಫರೆನ್ಷಿಯಲ್ 0.051. ಆರ್‌ಜಿ ಎಂದರೆ ತೂಕವು ನಡುವಿನಿಂದ ಎಷ್ಟು ದೂರ ಹರಡಿಕೊಂಡಿದೆ ಎಂಬುದರ ಅಳತೆ. ಆಟದ ನಿಯಮ ರೂಪಿಸುವ ಸಂಸ್ಥೆಯಾದ ಅಮೆರಿಕದ ಬೌಲಿಂಗ್ ಕಾಂಗ್ರೆಸ್ಸಿನ ನಿಯಮದಂತೆ ಅದು 2.46ರಿಂದ 2.80ರ ಒಳಗಿರಬೇಕಾದ್ದರಿಂದ, 2.48 ಎಂದಾಗ ತೂಕ ಬಹುಮಟ್ಟಿಗೆ ನಡುವೆಯೇ ಕೂಡಿಕೊಂಡಿದೆ, ಚೆಂಡು ಬೇಗ ಉರುಳಲು ತೊಡಗುತ್ತದೆ ಎಂದು ತಿಳಿಯಬೇಕು. ಒಂದೇ ಚೆಂಡಿನಲ್ಲಿ ಈ ಅಳತೆಯ ಗರಿಷ್ಠಕ್ಕೂ ಕನಿಷ್ಠಕ್ಕೂ ಇರುವ ವ್ಯತ್ಯಾಸವೇ ಡಿಫರೆನ್ಷಿಯಲ್. ಅದರ ಮೇಲ್ಮಿತಿ 0.060, ಆ ಮಿತಿಯ ಹತ್ತಿರಕ್ಕೆ ಹೋದಷ್ಟೂ ಚೆಂಡು ಉರುಳುವಾಗ ತನ್ನ ಅಕ್ಷವನ್ನು ಬದಲಿಸಿಕೊಳ್ಳುತ್ತ, ಪ್ರತಿ ಸುತ್ತಿನಲ್ಲೂ ಹೊಸ ಜಾಗವನ್ನು ಲೇನಿಗೆ ತಾಗಿಸುವ ಶಕ್ತಿ ಹೆಚ್ಚು. ಇದಕ್ಕೆ ಫ್ಲೇರ್ ಎನ್ನುತ್ತಾರೆ. ಹೊರಪದರ ‘ಸಾಲಿಡ್ ರಿಯಾಕ್ಟಿವ್’ ಜಾತಿಯದು. ಪೆಟ್ಟಿಗೆಯಿಂದ ಬರುವಾಗಲೇ 3000 ಗ್ರಿಟ್‌ನ ಪ್ಯಾಡಿನಲ್ಲಿ ಉಜ್ಜಿ ಮಂಕಾಗಿಸಿರುತ್ತಾರೆ; ಗ್ರಿಟ್ ಸಂಖ್ಯೆ ಕಡಿಮೆಯಾದಷ್ಟೂ ಮೈ ಒರಟು. ಹೊಳಪಿಲ್ಲ ಎಂದು ಬೇಸರಪಡಬಾರದು, ಅದು ಬೇಕೆಂದೇ ಇಟ್ಟ ಮಂಕು.

ಈ ಅಂಕಿಗಳೆಲ್ಲ ಕೆಲಸಕ್ಕೆ ಬರುವುದು ಎಣ್ಣೆಯ ಮೇಲೆ. ಎಸೆಯುವವರು ದಾಟಬಾರದ ಫೌಲ್ ಗೆರೆಯಿಂದ ಮೊದಲ ಪಿನ್ನಿಗೆ 60 ಅಡಿ. ಅದರಲ್ಲಿ ಸುಮಾರು 40 ಅಡಿಯವರೆಗೆ ಎಣ್ಣೆ ಬಳಿದಿರುತ್ತಾರೆ. ಸಾರ್ವಜನಿಕರು ಆಡುವ ಲೇನುಗಳಲ್ಲಿ ನಡುವೆ ದಪ್ಪ, ಅಂಚಿನಲ್ಲಿ ತೆಳುವು. ಚೆಂಡು ಮೊದಲು ಜಾರುತ್ತದೆ, ಆಮೇಲೆ ಹಿಡಿತ ಸಿಕ್ಕಿ ಬಾಗುತ್ತದೆ, ಕೊನೆಗೆ ಉರುಳುತ್ತದೆ. ಈ ಮೂರು ಹಂತಗಳಲ್ಲಿ ಯಾವುದು ಎಲ್ಲಿ ಮುಗಿಯುತ್ತದೆ ಎಂಬುದರ ಮೇಲೆ ಸ್ಟ್ರೈಕೋ (ಒಂದೇ ಎಸೆತಕ್ಕೆ ಹತ್ತೂ ಪಿನ್ನು ಬೀಳುವುದು) ಅಲ್ಲವೋ ಎಂಬುದು ನಿಂತಿದೆ. ಬಾಡಿಗೆಗೆ ಸಿಗುವ ಪಾಲಿಯೆಸ್ಟರ್ ಚೆಂಡು ಎಣ್ಣೆ ಮುಗಿದ ಮೇಲೂ ಹೆಚ್ಚುಕಡಿಮೆ ಜಾರುತ್ತಲೇ ಇರುತ್ತದೆ. 1990ರ ದಶಕದ ಆರಂಭದಲ್ಲಿ ಬಂದ ರಿಯಾಕ್ಟಿವ್ ರೆಸಿನ್ನಿನ ಮೈಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ರಂಧ್ರಗಳಿದ್ದು, ಅದು ಎಣ್ಣೆಯನ್ನು ಹೀರಿಕೊಳ್ಳುತ್ತದೆ ಮತ್ತು ಒಣ ಲೇನಿನ ಮೇಲೆ ಕಚ್ಚಿ ಹಿಡಿಯುತ್ತದೆ.

ಇನ್ನು ತೂತಿನ ವಿಚಾರ. ಇಲ್ಲಿ ಒಂದು ಗೊಂದಲ ತಪ್ಪಿಸಬೇಕು: ಬೀಳಿಸುವ ಪಿನ್ನು ಬೇರೆ, ಚೆಂಡಿನ ಮೈಮೇಲೆ ಕಾಣುವ ಬಣ್ಣದ ಚುಕ್ಕೆಯಾದ ಪಿನ್ನು ಬೇರೆ. ಆ ಚುಕ್ಕೆ ಒಳಗಿನ ತಿರುಳಿನ ತಲೆ ಎಲ್ಲಿದೆ ಎಂಬುದನ್ನು ತೋರಿಸುತ್ತದೆ. ಆಟಗಾರನ ಕೈಯಿಂದ ಬಿಟ್ಟ ಕ್ಷಣದಲ್ಲಿ ಚೆಂಡು ಯಾವ ಅಕ್ಷದ ಮೇಲೆ ತಿರುಗುತ್ತದೋ ಆ ಅಕ್ಷದ ತುದಿಗೆ ಪಿಎಪಿ ಎಂದು ಹೆಸರು. ಚುಕ್ಕೆಗೂ ಪಿಎಪಿಗೂ ನಡುವಿನ ಅಂತರವೇ ಲೇಔಟಿನ, ಅಂದರೆ ತೂತುಗಳನ್ನು ಎಲ್ಲಿ ಕೊರೆಯಬೇಕೆಂಬ ಲೆಕ್ಕದ, ಜೀವಾಳ. ಚೆಂಡಿನ ಸುತ್ತಳತೆ ಸುಮಾರು 27 ಇಂಚು. ಅದರ ಎಂಟನೆಯ ಒಂದು ಭಾಗ, ಅಂದರೆ 3.375 ಇಂಚಿನ ಅಂತರದಲ್ಲಿ ಫ್ಲೇರ್ ಅತಿ ಹೆಚ್ಚು. ಚುಕ್ಕೆ ಪಿಎಪಿಯ ಮೇಲೇ ಕೂತರೂ, ಕಾಲು ಸುತ್ತಿನಷ್ಟು, ಅಂದರೆ 6.75 ಇಂಚು ದೂರ ಹೋದರೂ ಫ್ಲೇರ್ ಬಹುತೇಕ ಇಲ್ಲವಾಗುತ್ತದೆ. ಹಾಗಾಗಿ ‘ಚುಕ್ಕೆ ಹತ್ತಿರ ಇಟ್ಟರೆ ಹೆಚ್ಚು ಬಾಗುತ್ತದೆ’ ಎಂದು ಅಂಗಡಿಗಳಲ್ಲಿ ಕೇಳಿಬರುವ ಸೂತ್ರ ಅರ್ಧ ಮಾತ್ರ ಸತ್ಯ. ಚುಕ್ಕೆಯನ್ನು ಬೆರಳುಗಳಿಗಿಂತ ಮೇಲಿಟ್ಟರೆ ಚೆಂಡು ತಡವಾಗಿ, ಚುರುಕಾಗಿ ತಿರುಗುವುದು, ಕೆಳಗಿಟ್ಟರೆ ಮೊದಲೇ ಮೆತ್ತಗೆ ಬಾಗುವುದು ಎಂಬುದು ಇದರ ಮೇಲಿನ ಒಗ್ಗರಣೆ.

ನನಗೆ ತೂತು ಹಾಕಿದವರು ಅಳತೆಗಿಂತ ಮೊದಲು ನನ್ನಿಂದ ಹತ್ತು ಹನ್ನೆರಡು ಸಲ ಚೆಂಡು ಎಸೆಸಿದರು. ಹಳೆಯ ಚೆಂಡಿನ ಮೇಲೆ ಎಣ್ಣೆಯ ಮೊದಲ ಗೆರೆ ಎಲ್ಲಿ ಬಿದ್ದಿದೆ ಎಂದು ಬಿಳಿ ಪೆನ್ಸಿಲಿನಲ್ಲಿ ಗುರುತಿಸಿ, ಅಲ್ಲಿಂದ ಪಿಎಪಿಯನ್ನು ಲೆಕ್ಕಹಾಕಿ, ಚುಕ್ಕೆಯನ್ನು 4.5 ಇಂಚಿಗೆ ಇಟ್ಟರು. ಭಾವ ಹೋದ ಅಂಗಡಿಯಲ್ಲಿ ಹಾಗೇನೂ ನಡೆಯಲಿಲ್ಲ. ಕೈ ನೋಡಿ, ಬಲಗೈಯವರೆಂದು ಖಾತರಿಪಡಿಸಿಕೊಂಡು, ಎಲ್ಲರಿಗೂ ಹಾಕುವ ಅಂದಾಜಿನ ಪಿಎಪಿಯನ್ನೇ ಇವರಿಗೂ ಹಾಕಿ ಅರ್ಧ ಗಂಟೆಯಲ್ಲಿ ಚೆಂಡು ಕೊಟ್ಟು ಕಳಿಸಿದರು. ಭಾವನ ಕೈತಿರುವು ಬೇರೆ ರೀತಿಯದು. ಅವರ ನಿಜವಾದ ಪಿಎಪಿ ಅಂಗಡಿಯವರು ಊಹಿಸಿದ್ದಕ್ಕಿಂತ ಹಿಡಿಕೆಯ ಕಡೆಗೆ ಒಂದೂವರೆ ಇಂಚು ಹತ್ತಿರವಿತ್ತು. ಮೂರೂಕಾಲಿನ ಆಸುಪಾಸು ಇರಬೇಕಾಗಿದ್ದ ಅಂತರ ಎರಡು ಇಂಚಿಗೆ ಇಳಿದದ್ದು ನಾಲ್ಕು ತಿಂಗಳ ಮೇಲೆ, ನಾನೇ ಟೇಪು ಹಿಡಿದಾಗ ಗೊತ್ತಾಯಿತು. ಅದರ ಜೊತೆಗೆ ಹೆಬ್ಬೆರಳಿಗೂ ಬೆರಳುಗಳಿಗೂ ನಡುವಿನ ಸ್ಪ್ಯಾನ್ ಉದ್ದವಾಗಿ, ಪ್ರತಿ ಎಸೆತದಲ್ಲೂ ಹೆಬ್ಬೆರಳು ಕಚ್ಚಿಕೊಂಡು ಗೆಣ್ಣಿನ ಬಳಿ ಚರ್ಮ ಸುಲಿಯುತ್ತಿತ್ತು. ಅಲ್ಲಿಯವರೆಗೆ ಭಾವ ಲೇನನ್ನು ಬೈಯುತ್ತಿದ್ದರು, ನಾನು ಭಾವನ ಕೈಯನ್ನು ಆಡಿಕೊಳ್ಳುತ್ತಿದ್ದೆ. ಕುಣಿಯಲಾರದವಳು ನೆಲ ಡೊಂಕೆಂದಳು ಎಂದು ಊಟದ ಮನೆಯಲ್ಲಿ ಎಲ್ಲರ ಮುಂದೆ ಅಂದದ್ದನ್ನು ಆಮೇಲೆ ವಾಪಸ್ಸು ತೆಗೆದುಕೊಳ್ಳಬೇಕಾಯಿತು.

ಇದನ್ನು ಯಾರು ಬೇಕಾದರೂ ಪರೀಕ್ಷಿಸಬಹುದು. ಎಸೆದ ಚೆಂಡು ಮರಳಿ ಬಂದ ಕೂಡಲೇ ಒರೆಸದೆ ಬೆಳಕಿಗೆ ಹಿಡಿಯಿರಿ. ನನ್ನದರಲ್ಲಿ ಎಣ್ಣೆಯ ಗೆರೆಗಳು ಎರಡು ಕಡೆ ಒಂದರ ಮೇಲೊಂದು ಗಂಟು ಬಿದ್ದಂತೆ ಕೂಡಿ, ನಡುವೆ ಬೀಸಣಿಗೆಯ ಕಡ್ಡಿಗಳಂತೆ ಬಿಡಿಬಿಡಿಯಾಗಿ ಹರಡಿರುತ್ತವೆ. ಭಾವನದರಲ್ಲಿ ಆ ಗೆರೆಗಳೆಲ್ಲ ಬಳೆಗಳನ್ನು ಒತ್ತಿ ಜೋಡಿಸಿದ ಹಾಗೆ ಒಂದಕ್ಕೊಂದು ಅಂಟಿಕೊಂಡಿರುತ್ತಿದ್ದವು. ಅಂದರೆ ಚೆಂಡು ಪ್ರತಿ ಸುತ್ತಿನಲ್ಲೂ ಆಗಲೇ ಎಣ್ಣೆ ಮೆತ್ತಿದ ಪಟ್ಟಿಯ ಪಕ್ಕಕ್ಕೇ ಮತ್ತೆ ಬರುತ್ತಿತ್ತು. ಒಣ ಮೈ ಲೇನಿಗೆ ತಾಗುತ್ತಲೇ ಇರಲಿಲ್ಲ.

ಇಷ್ಟು ಓದಿದವರು ಲೇಔಟೇ ಸರ್ವಸ್ವ ಎಂದುಕೊಳ್ಳಬಹುದು. ನಾನೂ ಹಾಗೆಯೇ ಅಂದುಕೊಂಡಿದ್ದೆ. ಭಾವನ ಚೆಂಡಿನ ತೂತುಗಳನ್ನು ಮುಚ್ಚಿಸಿ ಮತ್ತೆ ಕೊರೆಸುವುದೆಂದು ನಿಶ್ಚಯವೂ ಆಗಿತ್ತು. ಅದಕ್ಕೆ ಮೊದಲು ಖರ್ಚಿಲ್ಲದ ಕೆಲಸವೊಂದನ್ನು ಮಾಡಿ ನೋಡೋಣವೆಂದು ಎರಡೂ ಚೆಂಡುಗಳ ಹೊರಪದರಕ್ಕೆ ಕೈ ಹಚ್ಚಿದೆವು. ಉಪ್ಪುಕಾಗದದ ಸಂಬಂಧಿಯಾದ ಅಬ್ರಲಾನ್ ಪ್ಯಾಡುಗಳನ್ನು 1000, 2000, 4000 ಗ್ರಿಟ್‌ಗಳಲ್ಲಿ ತರಿಸಿದೆವು. ಚೆಂಡು ತಿರುಗಿಸುವ ಯಂತ್ರ ನಮ್ಮಲ್ಲಿಲ್ಲ. ಅದೇ ಸ್ಕೂಟರ್ ಟೈರಿನಲ್ಲಿ ಕೂರಿಸಿ, ನೀರು ಚಿಮುಕಿಸುತ್ತ, ಆರು ಮಗ್ಗುಲಿಗೂ ಗಡಿಯಾರ ನೋಡಿಕೊಂಡು ಸಮಯ ಹಂಚಿ ಉಜ್ಜಿದೆವು. ಮೊದಲ ಸಲ ಉಜ್ಜಿದಾಗ ಬಂದ ನೀರು ಬದನೆಕಾಯಿ ಸಿಪ್ಪೆಯ ಬಣ್ಣಕ್ಕಿತ್ತು.

ಭಾವನ ಚೆಂಡನ್ನು ನನ್ನ ಕೈಯಲ್ಲಿ, ನನ್ನದನ್ನು ಅವರ ಕೈಯಲ್ಲಿ ಹೋಲಿಸುವುದು ಸಾಧ್ಯವಿರಲಿಲ್ಲ, ಏಕೆಂದರೆ ಅವರ ತೂತಿನಲ್ಲಿ ನನ್ನ ಹೆಬ್ಬೆರಳು ಇಳಿಯುವುದಿಲ್ಲ. ಆದ್ದರಿಂದ ಇಬ್ಬರೂ ಅವರವರ ಚೆಂಡನ್ನೇ ಉಜ್ಜುವ ಮೊದಲು, ಉಜ್ಜಿದ ಮೇಲೆ ಎಂದು ಎಸೆದು ನೋಡಿದ್ದು. ಬೆಂಗಳೂರಿನಲ್ಲಿ ನಾವು ತಿಂಗಳಿಗೆರಡು ಭಾನುವಾರ ಆಡುವ ಲೇನಿನಲ್ಲಿ ಎಣ್ಣೆ ಧಾರಾಳ. ಅಲ್ಲಿ 4000ಕ್ಕೆ ಉಜ್ಜಿ ಪಾಲಿಶ್ ಹಾಕಿದ ನನ್ನ ಚೆಂಡು ಪಿನ್ನುಗಳ ತನಕ ಜಾರಿಕೊಂಡೇ ಹೋಯಿತು. ಅದನ್ನೇ 1000ಕ್ಕೆ ಇಳಿಸಿದಾಗ ನಾನು ಎಸೆಯುವ ಜಾಗವನ್ನು ಎಡಕ್ಕೆ ಆರು ಹಲಗೆಯಷ್ಟು ಸರಿಸಬೇಕಾಯಿತು. ಲೇನಿನ ಅಗಲದಲ್ಲಿರುವುದು ಒಟ್ಟು 39 ಹಲಗೆ ಎಂಬುದನ್ನು ನೆನೆದರೆ ಆರು ಹಲಗೆ ಸಣ್ಣ ಮಾತಲ್ಲ. ಭಾವನ ‘ಕೆಟ್ಟುಹೋದ’ ಚೆಂಡು ಕೂಡ ಒಳಗಿನ ಲೇಔಟು ಇದ್ದ ಹಾಗೇ ಇದ್ದು, 2000ಕ್ಕೆ ಉಜ್ಜಿದ ಮೇಲೆ ಸ್ವಲ್ಪ ಪಾಲಿಶ್ ಹಾಕಿದ್ದರಿಂದ ತನ್ನ ಕಸುವನ್ನು ಇನ್ನೂ ಹತ್ತು ಅಡಿ ಮುಂದಕ್ಕೆ ಹೊತ್ತೊಯ್ದಿತು. ತಿರುಳು ಹೇಗೆ ಕೂತಿದ್ದರೂ, ಮೈ ಲೇನನ್ನು ಹಿಡಿಯದಿದ್ದರೆ ಅದಕ್ಕೆ ಮಾಡಲು ಕೆಲಸವೇ ಇರುವುದಿಲ್ಲ. ಹಿಡಿತ ಎಲ್ಲಿ ಶುರುವಾಗಬೇಕೆಂದು ತೀರ್ಮಾನಿಸುವುದು ಹೊರಪದರ, ಹಿಡಿತ ಸಿಕ್ಕ ಮೇಲೆ ಬಾಗು ಯಾವ ಆಕಾರ ಪಡೆಯಬೇಕೆಂದು ತಿದ್ದುವುದು ಲೇಔಟು.

ಮೈ ಒರಟಾದಷ್ಟೂ ಹೆಚ್ಚು ಬಾಗುತ್ತದೆ ಎಂಬ ಇನ್ನೊಂದು ನಂಬಿಕೆಯನ್ನು ಬಿಡಿಸಿದ್ದು ಚಿಕ್ಕಮಗಳೂರಿನ ಹೊರಗಿನ ರೆಸಾರ್ಟೊಂದರ ಪುಟ್ಟ ಲೇನು. ಅಲ್ಲಿ ಎಣ್ಣೆ ಎಂಬುದು ಹೆಸರಿಗೆ ಮಾತ್ರ. 1000 ಗ್ರಿಟ್‌ನ ಚೆಂಡು ಕೈ ಬಿಟ್ಟ ಕೂಡಲೇ ಕಚ್ಚಿ ಹಿಡಿದು, ಲೇನಿನ ನಡುವೆಯೇ ಎಲ್ಲ ಶಕ್ತಿಯನ್ನೂ ಕಳೆದುಕೊಂಡು, ಮೊದಲ ಮತ್ತು ಮೂರನೆಯ ಪಿನ್ನುಗಳ ನಡುವೆ ಸರಿಯಾಗಿಯೇ ಹೊಕ್ಕರೂ ತಾಕತ್ತಿಲ್ಲದೆ ಪಕ್ಕಕ್ಕೆ ತಳ್ಳಿಸಿಕೊಂಡಿತು. ಆರನೆಯ ಪಿನ್ನು ಹಾರಿ ಹತ್ತನೆಯದಕ್ಕೆ ಬಡಿಯುವ ಬದಲು ಅದರ ಮುಂದಿನ ಕಾಲುವೆಯಲ್ಲಿ ಅಡ್ಡ ಮಲಗಿತು. ಮೂಲೆಯ ಆ ಒಂದೇ ಒಂದು ಪಿನ್ನು ಸತತ ನಾಲ್ಕು ಸಲ ನನ್ನನ್ನು ನೋಡಿ ನಕ್ಕಿತು. ಅಲ್ಲಿ ಬೇಕಾಗಿದ್ದದ್ದು ಹೊಳಪು.

ಬೇಲೂರಿನ ಚೆನ್ನಕೇಶವ ದೇವಾಲಯದ ನವರಂಗದಲ್ಲಿ ಕಡೆದು ನಯಗೊಳಿಸಿದ ಕಂಬಗಳಿವೆಯಲ್ಲ, ಅವನ್ನು ಮುಟ್ಟಿ ಬಂದು ಹೊರಗೋಡೆಯ ಮಳೆಗಾಳಿ ಕಂಡ ಅದೇ ಬಳಪದ ಕಲ್ಲನ್ನು ಮುಟ್ಟಿದವರಿಗೆ, ಒಳಗಿನದು ಒಂದೇ ಆದರೂ ಮೈ ಬೇರೆಯಾದರೆ ಕೈಗೆ ಸಿಗುವ ವಸ್ತುವೇ ಬೇರೆ ಎಂಬುದು ತಾನಾಗಿ ತಿಳಿಯುತ್ತದೆ. ಇದು ಅಡ್ಡಮಾತು, ಆದರೆ ಹಾಸನದವನಾದ ನನಗೆ ಇದಕ್ಕಿಂತ ಹತ್ತಿರದ ಉದಾಹರಣೆ ಹೊಳೆಯಲಿಲ್ಲ.

ಫೇಜ್ 2 ಕೊಳ್ಳುವವರು ಅದರ ಆರೈಕೆಗೂ ಸಿದ್ಧರಿರಬೇಕು. ಎಲ್ಲ ರಿಯಾಕ್ಟಿವ್ ಚೆಂಡುಗಳಂತೆ ಇದೂ ಎಣ್ಣೆ ಕುಡಿಯುತ್ತದೆ, ಮಂಕು ಮೈಯಾದ್ದರಿಂದ ತುಸು ಜಾಸ್ತಿಯೇ ಕುಡಿಯುತ್ತದೆ. ಆಟದಿಂದ ಆಟಕ್ಕೆ ಲೇನಿನ ತಿಕ್ಕಾಟಕ್ಕೆ ಸಿಕ್ಕಿ 1000 ಗ್ರಿಟ್‌ನ ಮೈ ತಾನಾಗಿಯೇ ನಯವಾಗುತ್ತ ಹೋಗುತ್ತದೆ. ‘ಚೆಂಡು ಸತ್ತುಹೋಯಿತು’ ಎಂದು ಮಾರಿಬಿಡುವವರಲ್ಲಿ ಹಲವರದು ಬರೀ ಉಜ್ಜದ, ತೊಳೆಯದ ಚೆಂಡು. ನಾವು ಅರವತ್ತು ಆಟಕ್ಕೊಮ್ಮೆ ತೂತುಗಳಿಗೆ ನೀರು ಹೋಗದ ಟೇಪು ಅಂಟಿಸಿ, ಹಂಡೆಯ ನೀರನ್ನು ತಣ್ಣೀರಿಗೆ ಬೆರೆಸಿ 50 ಡಿಗ್ರಿ ಸೆಲ್ಸಿಯಸ್ ಮೀರದಂತೆ ನೋಡಿಕೊಂಡು, ಪಾತ್ರೆ ತೊಳೆಯುವ ಸೋಪಿನ ಹನಿ ಹಾಕಿ ಇಪ್ಪತ್ತು ನಿಮಿಷ ಮುಳುಗಿಸಿಡುತ್ತೇವೆ. ಮೇಲೆತ್ತಿದಾಗ ಚೆಂಡಿನ ಮೈಯಲ್ಲಿ ಜಿಡ್ಡಿನ ಸಣ್ಣ ಮಣಿಗಳು ಬೆವರಿನಂತೆ ಮೂಡಿರುತ್ತವೆ. ಬಟ್ಟೆಯಲ್ಲಿ ಒರೆಸಿ, ಮತ್ತೆ ಮೂಡದಷ್ಟು ಸಲ ಇದನ್ನೇ ಮಾಡಬೇಕು. ಕುದಿಯುವ ನೀರು, ಬಿಸಿಲಿಗೆ ನಿಲ್ಲಿಸಿದ ಕಾರಿನ ಡಿಕ್ಕಿ ಇವೆರಡೂ ಬಿರುಕು ಬಿಡಿಸುವ ಸುಲಭ ದಾರಿಗಳು.

ಸ್ಪರ್ಧೆಗೆ ಹೋಗುವವರಿಗೆ ಎರಡು ಮಾತು. ಆಟದ ಲೆಕ್ಕ ಶುರುವಾದ ಮೇಲೆ ಚೆಂಡಿನ ಮೈಯನ್ನು ಉಜ್ಜಿ ಬದಲಿಸುವಂತಿಲ್ಲ, ಆದ್ದರಿಂದ ಅಭ್ಯಾಸದ ಎಸೆತಗಳಲ್ಲೇ ನಿರ್ಧರಿಸಬೇಕು. ಲೇಔಟನ್ನು ತಿದ್ದಲು ಹಿಂದೆ ಬಳಸುತ್ತಿದ್ದ ನಾಲ್ಕನೆಯ ತೂತು, ಅಂದರೆ ಬೆರಳು ಹೋಗದ ಸಮತೋಲನದ ತೂತು, ಅಮೆರಿಕದ ಬೌಲಿಂಗ್ ಕಾಂಗ್ರೆಸ್ಸಿನ ನಿಯಮದಡಿ 2020ರ ಆಗಸ್ಟ್ 1ರಿಂದ ನಿಷಿದ್ಧ. ಹೀಗಾಗಿ ಒಮ್ಮೆ ಕೊರೆದ ಲೇಔಟನ್ನು ಬದಲಿಸಬೇಕೆಂದರೆ ಮುಚ್ಚಿ ಮತ್ತೆ ಕೊರೆಯುವುದೊಂದೇ ದಾರಿ.

ಚೆಂಡು ನನಗೆ ಇಷ್ಟವಾಗಿದೆ. ಎಣ್ಣೆಯ ಮೇಲೆ ಅದು ಏನು ಮಾಡುತ್ತದೆ ಎಂಬುದನ್ನು ಮೊದಲೇ ಹೇಳಬಹುದು. ಗಾಬರಿಪಡಿಸುವುದಿಲ್ಲ, ಉಜ್ಜಿದ್ದಕ್ಕೆ ಪ್ರಾಮಾಣಿಕವಾಗಿ ಉತ್ತರ ಕೊಡುತ್ತದೆ. ಆದರೆ ಇನ್ನೂ ಬಾಡಿಗೆಯ ಚೆಂಡಿನಲ್ಲೇ ಕೈ ನೇರವಾಗದವರು ಇದನ್ನು ಕೊಳ್ಳುವ ಬದಲು ಕೈಗೆ ಸರಿಯಾಗಿ ಕೊರೆಸಿದ ಪಾಲಿಯೆಸ್ಟರ್ ಚೆಂಡೊಂದನ್ನು ಕೊಳ್ಳುವುದು ಒಳ್ಳೆಯದು; ಮೂಲೆಯಲ್ಲಿ ಉಳಿದ ಹತ್ತನೆಯ ಪಿನ್ನಿಗೆ ನೇರ ಹೊಡೆಯಲು ಅದು ಮುಂದೆಯೂ ಬೇಕಾಗುತ್ತದೆ. ಅಂಗಡಿಗೆ ಹೋದಾಗ ಲೇಔಟಿನ ಹೆಸರು ಕೇಳುವ ಮೊದಲು, ‘ನಾನು ಎಸೆಯುವುದನ್ನು ನೋಡುತ್ತೀರಾ’ ಎಂದು ಕೇಳಿ. ಇಲ್ಲ ಎಂದರೆ ಚೆಂಡನ್ನು ಚೀಲಕ್ಕೆ ಹಾಕಿಕೊಂಡು ಬನ್ನಿ.

ಭಾವ ಕೊನೆಗೆ ಪೂರ್ತಿ ಕೊರೆಸುವ ಯೋಚನೆ ಕೈಬಿಟ್ಟರು. ಬೇರೆ ಕಡೆ ಹೋಗಿ ಹೆಬ್ಬೆರಳಿನ ತೂತನ್ನು ಮಾತ್ರ ಮುಚ್ಚಿಸಿ, ಸ್ಪ್ಯಾನ್ ಕಡಿಮೆ ಮಾಡಿಸಿ ಹೊಸದಾಗಿ ಕೊರೆಸಿದ್ದಾರೆ. ಗೆಣ್ಣಿನ ಗಾಯ ಮಾಗಿದೆ. ಎರಡು ಇಂಚಿನ ಆ ಲೇಔಟು ಹಾಗೇ ಇದೆ. ಎಣ್ಣೆ ಹೆಚ್ಚಿದ್ದು ನನ್ನ ಚೆಂಡು ಪಿನ್ನುಗಳ ತನಕ ಜಾರುವ ದಿನ, ಬೇಗ ಉರುಳುವ ಅವರ ಚೆಂಡು 1000 ಗ್ರಿಟ್‌ನ ಮೈ ಹೊತ್ತು ನನಗಿಂತ ಹೆಚ್ಚು ಪಿನ್ನು ಬೀಳಿಸುತ್ತದೆ, ಮತ್ತು ಆ ದಿನದ ಊಟದ ಬಿಲ್ಲು ನನ್ನ ಪಾಲಿಗೆ ಬರುತ್ತದೆ.